ನಮ್ಮೂರಿನ ಎಂಟು ವಾರದ ಚಳಿ

ಬೆಳಿಗ್ಗೆ ಐದೂಮುಕ್ಕಾಲು. ಕುಕ್ಕರಹಳ್ಳಿ ಕೆರೆಯ ಗೇಟಿನ ಪಕ್ಕ ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದೆ. ಮಂಕಿ ಕ್ಯಾಪು, ಸ್ವೆಟರು, ಅದರ ಮೇಲೊಂದು ಶಾಲು ಸುತ್ತಿಕೊಂಡ ಹಿರಿಯರೊಬ್ಬರು ಮುಂದೆ ಬಂದು ನಿಂತರು. ದಿನಾ ಕಾಣುವ ಮುಖ. ಹೆಸರು ಗೊತ್ತಿಲ್ಲ, ನಗು ಗೊತ್ತು.

“ಏನಮ್ಮಾ, ಈ ಚಳೀಲಿ ಬರೀ ಟೀ ಶರ್ಟಲ್ಲಿ ಬಂದಿದ್ದೀಯ. ಶೀತ ಆಗಲ್ವಾ?”

“ಇಲ್ಲ ಸಾರ್, ಒಂದು ಹತ್ತು ನಿಮಿಷ ಓಡಿದ್ರೆ ಮೈ ಬೆಚ್ಚಗಾಗುತ್ತೆ.”

“ಏನೋಮ್ಮಾ. ಕಿವಿಗಾದ್ರೂ ಏನಾದ್ರೂ ಕಟ್ಕೋ.”

ಕೊರಳಲ್ಲಿದ್ದ ಬಟ್ಟೆಯನ್ನು ಕಿವಿಯ ಮೇಲಕ್ಕೆ ಎಳೆದುಕೊಂಡೆ. ಅವರಿಗೆ ಸಮಾಧಾನವಾಯಿತು. ಆವತ್ತು 14 ಡಿಗ್ರಿ ಇತ್ತು. ಮೈಸೂರಿಗೆ ಅದು ಒಳ್ಳೆ ಚಳಿಯೇ. ಮಾಗಿ ಕಾಲದ ಬೆಳಗಿನಲ್ಲಿ ಸಾಮಾನ್ಯವಾಗಿ 16ರ ಆಸುಪಾಸು ಇರುತ್ತದೆ. 2012ರ ಜನವರಿ 16ರಂದು ಮಾತ್ರ 7.7ಕ್ಕೆ ಇಳಿದಿತ್ತು. ಆ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿ ಕಲ್ಲಾಗಿ ಕೂತಿದ್ದು, ಅಮ್ಮ ಅದನ್ನು ಬಿಸಿನೀರಿನ ಚೊಂಬಿನಲ್ಲಿ ಅದ್ದಿ ಇಟ್ಟಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮಾಗಿ ಬಂತೆಂದರೆ ನಮ್ಮೂರಿನವರು ಕಿಟಕಿ ಮುಚ್ಚುತ್ತಾರೆ. ವಾಕಿಂಗ್ ಬರುವವರ ಸಂಖ್ಯೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. “ಸಂಕ್ರಾಂತಿ ಕಳೀಲಿ, ಆಮೇಲೆ ಶುರು ಮಾಡೋಣ” ಅನ್ನುವ ಮಾತು ಎಲ್ಲರ ಬಾಯಲ್ಲೂ. ನನಗೆ ಇದು ನಿಜವಾಗಿಯೂ ಸಂಕಟ ತರುತ್ತದೆ. ಡಿಸೆಂಬರ್ ಮೊದಲ ವಾರದಿಂದ ಜನವರಿ ಕೊನೆಯವರೆಗೆ ನಮಗೆ ಸಿಗುವುದೇ ಎಂಟು ವಾರ. ಓಡುವವರಿಗೂ, ಮನೆಯಲ್ಲಿ ಬ್ರೆಡ್ ಮಾಡುವವರಿಗೂ ಇದಕ್ಕಿಂತ ಒಳ್ಳೆ ಕಾಲ ವರ್ಷದಲ್ಲಿ ಇನ್ನೊಂದಿಲ್ಲ. ನಾನು ಹುಟ್ಟಿ ಬೆಳೆದಿದ್ದು ಇಲ್ಲೇ. ಆದರೂ ಈ ಮಾತು ಗೊತ್ತಾಗಲು ಹಿಮ ಬೀಳುವ ಊರಿಗೆ ಹೋಗಿ ಬರಬೇಕಾಯಿತು.

ನನ್ನ ಗಂಡನ ಕೆಲಸಕ್ಕಾಗಿ ಮೂರು ವರ್ಷ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದೆವು. ಅಲ್ಲಿ ಜನವರಿ ಅಂದರೆ ಸಾಮಾನ್ಯವಾಗಿ ಹಗಲಲ್ಲೂ ಸೊನ್ನೆಗಿಂತ ಕೆಳಗೆ. ರಾತ್ರಿ ಮೈನಸ್ 13 ಆದರೆ ಯಾರೂ ಅದೊಂದು ವಿಷಯ ಅಂತ ಮಾತಾಡುವುದಿಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಮೊದಲ ಚಳಿಗಾಲವನ್ನು ಪೂರ್ತಿ ಮನೆಯೊಳಗೇ ಕಳೆದೆ. ದಿನಾ ಓಡಿ ರೂಢಿಯಾಗಿದ್ದ ಕಾಲು. ಕಾಲು ನಿಂತಿತು, ಅದರ ಹಿಂದೆಯೇ ಮನಸ್ಸೂ ಮಂಕಾಯಿತು. ಫೋನಿನಲ್ಲಿ ಅಮ್ಮನ ಹತ್ತಿರ ಏನು ಮಾತಾಡಬೇಕೋ ಗೊತ್ತಾಗದೆ “ಊಟ ಆಯ್ತಾ” ಅಂತ ಎರಡು ಸಲ ಕೇಳುತ್ತಿದ್ದೆ.

ಎರಡನೇ ವರ್ಷ ಪಕ್ಕದ ಮನೆಯ ಹೆಂಗಸು ನನ್ನನ್ನು ಹೊರಗೆ ಎಳೆದುಕೊಂಡು ಹೋದರು. ಅರವತ್ತು ದಾಟಿದವರು. ಹಿಮ ಬೀಳಲಿ ಬಿಡಲಿ, ದಿನಾ ಓಡುವವರು. ನನ್ನ ಹತ್ತಿ ಬಟ್ಟೆಯನ್ನೆಲ್ಲ ಮೊದಲು ತೆಗೆಸಿದರು. ಹತ್ತಿ ಬೆವರು ಹೀರಿ ಮೈಗೆ ಅಂಟಿಕೊಳ್ಳುತ್ತದೆ, ಆ ಒದ್ದೆ ಬಟ್ಟೆಯೇ ಮೈಯ ಬಿಸಿಯನ್ನು ಹೀರಿಬಿಡುತ್ತದೆ. ಒಳಗೆ ತೆಳು ಉಣ್ಣೆ, ಮೇಲೆ ಗಾಳಿ ತಡೆಯುವ ಜಾಕೆಟ್. ಮನೆಯಿಂದ ಹೊರಟಾಗ ಸ್ವಲ್ಪ ಚಳಿಯಾಗುತ್ತಲೇ ಇರಬೇಕು, ಹೊರಡುವಾಗಲೇ ಬೆಚ್ಚಗಿದ್ದರೆ ಬಟ್ಟೆ ಜಾಸ್ತಿಯಾಯಿತು ಅಂತ ಅರ್ಥ. ಹೋಗುವಾಗ ಗಾಳಿಗೆ ಎದುರಾಗಿ ಹೋಗಬೇಕು, ಬರುವಾಗ ಗಾಳಿ ಬೆನ್ನಿಗಿರಬೇಕು. ಬೆವರಿದ ಮೇಲೆ ಎದುರುಗಾಳಿ ಸಿಕ್ಕರೆ ಮೈ ನಡುಗಿ ಹೋಗುತ್ತದೆ. ಇವೆಲ್ಲ ಅವರು ಒಂದೊಂದಾಗಿ, ಮಗುವಿಗೆ ಹೇಳಿಕೊಡುವ ಹಾಗೆ ಹೇಳಿಕೊಟ್ಟರು.

ಅಲ್ಲಿ ಲೇಕ್ ಹ್ಯಾರಿಯಟ್ ಅಂತ ಒಂದು ಕೆರೆ. ಒಂದು ಸುತ್ತು ಹಾಕಿದರೆ ಹೆಚ್ಚುಕಡಿಮೆ ನಮ್ಮ ಕುಕ್ಕರಹಳ್ಳಿಯಷ್ಟೇ, ನಾಲ್ಕರಿಂದ ಐದು ಕಿಲೋಮೀಟರ್ ಒಳಗೆ. ಮೊದಲ ದಿನ ಓಡುತ್ತಾ ನನಗೆ ಅನಿಸಿದ್ದು, ಸದ್ದೇ ಇಲ್ಲವಲ್ಲ ಅಂತ. ಹೊಸದಾಗಿ ಬಿದ್ದ ಹಿಮ ಸದ್ದನ್ನು ನುಂಗುತ್ತದೆ. ಚಳಿ ತುಂಬಾ ಏರಿದ ದಿನ ಮಾತ್ರ ಕಾಲ ಕೆಳಗೆ ಹಿಮ ಕಿರ್ ಕಿರ್ ಅನ್ನುತ್ತದೆ, ಒಣಗಿದ ಬೆಂಡನ್ನು ತುಳಿದ ಹಾಗೆ. ಕೆರೆಯ ನೀರು ಹೆಪ್ಪುಗಟ್ಟಿ ಬಯಲಾಗಿತ್ತು. ಅದರ ಮೇಲೆ ಮಕ್ಕಳು ನಡೆಯುತ್ತಿದ್ದರು, ನಾಯಿಗಳು ಓಡುತ್ತಿದ್ದವು. ಕಣ್ಣಿನ ರೆಪ್ಪೆಯ ಮೇಲೆ ನನ್ನ ಉಸಿರೇ ಹೆಪ್ಪುಗಟ್ಟಿ ಕೂತಿತ್ತು. ಮನೆಗೆ ಬಂದು ಕನ್ನಡಿ ನೋಡಿಕೊಂಡು ಎಷ್ಟೋ ತಿಂಗಳ ಮೇಲೆ ಮನಸಾರೆ ನಕ್ಕೆ.

ಆರು ವಾರ ಚೆನ್ನಾಗಿ ನಡೆಯಿತು. ಒಂದು ದಿನ ಮೆತ್ತನೆ ಹಿಮದ ಅಡಿಯಲ್ಲಿ ಐಸ್ ಇದ್ದದ್ದು ಕಾಣಲಿಲ್ಲ. ಬಲಗೈ ಊರಿ ಬಿದ್ದೆ. ಮೂಳೆ ಮುರಿದಿರಲಿಲ್ಲ, ಮಣಿಕಟ್ಟು ಉಳುಕಿ ಊದಿಕೊಂಡಿತ್ತು. ಒಂದು ತಿಂಗಳು ಆ ಕೈಗೆ ಭಾರ ಹಾಕಬೇಡಿ ಅಂದರು.

ಓಡುವುದು ನಿಂತಿದ್ದಕ್ಕಿಂತ ಬೇಜಾರಾಗಿದ್ದು ಹಿಟ್ಟು ನಾದಲು ಆಗದೆ ಹೋಗಿದ್ದಕ್ಕೆ. ಹೊಸದಾಗಿ ಬ್ರೆಡ್ ಮಾಡಲು ಕಲಿಯುತ್ತಿದ್ದೆ. ಆಗಿನ ನನ್ನ ಲೆಕ್ಕದಲ್ಲಿ ಬ್ರೆಡ್ ಅಂದರೆ ನಾದುವುದು. ಹದಿನೈದು ನಿಮಿಷ ಬಲ ಹಾಕಿ ನಾದಬೇಕು, ಬೆಚ್ಚಗಿನ ಜಾಗದಲ್ಲಿ ಇಡಬೇಕು, ಒಂದು ಗಂಟೆಯಲ್ಲಿ ಉಬ್ಬಬೇಕು. ಬೇಗ ಉಬ್ಬಲಿ ಅಂತ ಹಿಟ್ಟಿನ ಪಾತ್ರೆಯನ್ನು ಹೀಟರ್ ಮೇಲೇ ಇಟ್ಟು, ಅಡಿ ಹುಳಿಯಾಗಿ ಮೇಲೆ ಒಣಗಿ ಹೊಪ್ಪಳೆ ಕಟ್ಟಿದ್ದೂ ಉಂಟು.

ನಾದದೆಯೂ ಬ್ರೆಡ್ ಆಗುತ್ತದೆ ಅಂತ ಅದೇ ನೆರೆಮನೆಯವರು ತೋರಿಸಿಕೊಟ್ಟರು. ಹಿಟ್ಟು, ನೀರು, ಉಪ್ಪು, ಹಿಟ್ಟನ್ನು ಉಬ್ಬಿಸುವ ಈಸ್ಟ್ ಒಂದು ಚಿಟಿಕೆ. ಎಡಗೈಯಲ್ಲಿ ಸೌಟು ಹಿಡಿದು ಕಲಸಿ, ಮುಚ್ಚಿ, ರಾತ್ರಿಯಿಡೀ ಬಿಟ್ಟುಬಿಡುವುದು. ಅಷ್ಟೇ. ಗೋಧಿ ಹಿಟ್ಟಿಗೆ ನೀರು ಬಿದ್ದ ಕೂಡಲೇ ಅದರೊಳಗಿನ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಳ್ಳಲು ಶುರು ಮಾಡುತ್ತವೆ. ನಾದಿದರೆ ಆ ಕೆಲಸ ಬೇಗ ಆಗುತ್ತದೆ. ನಾದದೆ ಬಿಟ್ಟರೆ ನಿಧಾನಕ್ಕೆ ತಾನೇ ಆಗುತ್ತದೆ. ಈಸ್ಟ್ ಕಡಿಮೆ, ಜಾಗ ತಣ್ಣಗೆ, ಹೊತ್ತು ಜಾಸ್ತಿ. ಹೊತ್ತು ಸಿಕ್ಕಿದ್ದರಿಂದ ಹಿಟ್ಟಿಗೆ ರುಚಿಯೂ ಬರುತ್ತದೆ. ಒಂದು ಗಂಟೆಯಲ್ಲಿ ಉಬ್ಬಿಸಿದ ಬ್ರೆಡ್ಡಿಗೆ ಈಸ್ಟಿನ ವಾಸನೆ ಮಾತ್ರ ಇರುತ್ತದೆ. ಹದಿನಾಲ್ಕು ಗಂಟೆ ಕಾದ ಬ್ರೆಡ್ಡಿನಲ್ಲಿ ಗೋಧಿಯ ರುಚಿ ನಾಲಿಗೆಗೆ ಸಿಗುತ್ತದೆ, ಹಿಂದೆಯೇ ಒಂಚೂರು ಹುಳಿ.

2019ರ ಜನವರಿ 30ರಂದು ಊರಿನ ಉಷ್ಣಾಂಶ ಮೈನಸ್ 33ಕ್ಕೆ ಇಳಿಯಿತು. ಶಾಲೆಗಳಿಗೆ ರಜೆ. ಅಂಚೆಯವರೂ ಆವತ್ತು ಬಟವಾಡೆ ನಿಲ್ಲಿಸಿದ್ದರು. ಕಿಟಕಿಯ ಗಾಜಿನ ಒಳಮೈಯಲ್ಲೇ ಹಿಮ ಬಳ್ಳಿಯ ಹಾಗೆ ಹಬ್ಬಿತ್ತು. ಓವನ್ ಹಚ್ಚಿ, ಬೆನ್ನನ್ನು ಅದರ ಕಡೆಗೆ ಮಾಡಿ ಕೂತು ನಾನು ಮೊದಲ ಸಲ ಸರಿಯಾದ ಬ್ರೆಡ್ ತೆಗೆದೆ. ಹೊರಗೆ ತೆಗೆದು ತಂತಿ ಜಾಲರಿಯ ಮೇಲೆ ಇಟ್ಟಾಗ ಅದು ಚಿಟ್ ಚಿಟ್ ಅಂತ ಸದ್ದು ಮಾಡಿತು. ಮೇಲಿನ ಗಟ್ಟಿ ಪದರ ಆರುವಾಗ ಸಣ್ಣಗೆ ಬಿರಿಯುವ ಸದ್ದು ಅದು. ಕಿವಿ ಹತ್ತಿರ ಹಿಡಿದುಕೊಂಡು ಕೇಳಿದೆ.

ಆ ಊರಿಗೂ ಹಿಟ್ಟಿಗೂ ಹಳೆ ನಂಟು. 1880ರಿಂದ 1930ರವರೆಗೆ ಹಿಟ್ಟು ಬೀಸುವುದರಲ್ಲಿ ಇಡೀ ಜಗತ್ತಿಗೇ ಮುಂದಿದ್ದ ಊರು ಮಿನಿಯಾಪೊಲಿಸ್. ಮಿಸಿಸಿಪ್ಪಿ ನದಿಯ ಜಲಪಾತದ ಬಲದಿಂದ ಗಿರಣಿಗಳು ತಿರುಗುತ್ತಿದ್ದವು. 1878ರ ಮೇ 2ರಂದು ವಾಶ್‌ಬರ್ನ್ ಗಿರಣಿಯಲ್ಲಿ ಗಾಳಿಯಲ್ಲಿ ತೇಲುತ್ತಿದ್ದ ಹಿಟ್ಟಿನ ಧೂಳಿಗೇ ಬೆಂಕಿ ಹತ್ತಿ ಸ್ಫೋಟವಾಗಿ 18 ಜನ ಸತ್ತರು. ಅದೇ ಜಾಗದಲ್ಲಿ ಮತ್ತೆ ಕಟ್ಟಿದ ಗಿರಣಿಯ ಪಾಳುಗೋಡೆಗಳ ನಡುವೆ ಈಗ ಒಂದು ಮ್ಯೂಸಿಯಂ ಇದೆ. ಅಲ್ಲಿ ನಿಂತಾಗ ನನಗೆ ನೆನಪಾಗಿದ್ದು ನಮ್ಮ ಸಿಎಫ್‌ಟಿಆರ್‌ಐ. 1950ರಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ. ಹಿಟ್ಟಿನ ಗಿರಣಿ ಮತ್ತು ಬೇಕಿಂಗ್‌ಗೆ ಅಲ್ಲಿ ಬೇರೆಯದೇ ವಿಭಾಗ ಇದೆ, ಗಿರಣಿ ವಿದ್ಯೆ ಕಲಿಸುವ ಶಾಲೆಯೂ ಇದೆ. ಅದರ ಮುಂದೆ ಎಷ್ಟು ಸಾವಿರ ಸಲ ಓಡಾಡಿದ್ದೀನೋ. ಒಳಗೆ ಬ್ರೆಡ್ಡಿನ ಬಗ್ಗೆ ಇಷ್ಟೊಂದು ಕೆಲಸ ನಡೆಯುತ್ತದೆ ಅಂತ ಯಾವತ್ತೂ ಯೋಚಿಸಿರಲಿಲ್ಲ.

ಮೈಸೂರಿಗೆ ವಾಪಸ್ ಬಂದಿದ್ದು ಒಂದು ಏಪ್ರಿಲ್‌ನಲ್ಲಿ. ಉತ್ಸಾಹದಲ್ಲಿ ಅದೇ ಲೆಕ್ಕಕ್ಕೆ ಹಿಟ್ಟು ಕಲಸಿ ರಾತ್ರಿ ಮುಚ್ಚಿಟ್ಟೆ. ಬೆಳಿಗ್ಗೆ ನೋಡಿದರೆ ಉಬ್ಬಿ, ಕುಸಿದು, ನೀರು ಬಿಟ್ಟು, ಹುಳಿ ವಾಸನೆ ಹೊಡೆಯುತ್ತಿತ್ತು. ಮುಟ್ಟಿದರೆ ದೋಸೆ ಹಿಟ್ಟಿನ ಹಾಗೆ ಜಾರಿತು. ಅಡುಗೆಮನೆ 30 ಡಿಗ್ರಿ ಇದ್ದರೆ ಈಸ್ಟ್ ಬೆಳಗಿನವರೆಗೆ ಕಾಯುವುದಿಲ್ಲ. ಫ್ರಿಜ್ಜಿನಲ್ಲಿ ಇಟ್ಟು ನೋಡಿದೆ, ಆಗುತ್ತದೆ. ಆದರೆ ಆ ರುಚಿಯಲ್ಲ. ಫ್ರಿಜ್ಜಿನ 4 ಡಿಗ್ರಿಯಲ್ಲಿ ಎಲ್ಲವೂ ನಿದ್ದೆ ಹೋದ ಹಾಗೆ.

ಡಿಸೆಂಬರ್ ಬಂತು. ಒಂದು ರಾತ್ರಿ ಅಡುಗೆಮನೆಯಲ್ಲಿ 20 ಡಿಗ್ರಿ ಇತ್ತು. ಸುಮ್ನೆ ನೋಡೋಣ ಅಂತ ಕಲಸಿ ಕಟ್ಟೆ ಮೇಲೆ ಬಿಟ್ಟೆ. ಬೆಳಿಗ್ಗೆ ಕೆರೆಗೆ ಹೋಗಿ ಬಂದು ತಟ್ಟೆ ಸರಿಸಿದೆ. ಹಿಟ್ಟು ಎರಡರಷ್ಟಾಗಿತ್ತು. ಮೇಲೆ ಅಲ್ಲಲ್ಲಿ ಗುಳ್ಳೆ. ಪಾತ್ರೆ ಅಲ್ಲಾಡಿಸಿದರೆ ಮೊಸರು ಹೆಪ್ಪಾದ ಹಾಗೆ ಒಟ್ಟಿಗೆ ತೂಗಿತು. ಫ್ರಿಜ್ಜೂ ಬೇಡ, ಹೀಟರೂ ಬೇಡ. ಮಿನಿಯಾಪೊಲಿಸ್‌ನಲ್ಲಿ ಕರೆಂಟು ಸುಟ್ಟು ಕಾಯಿಸಿ ತಂದುಕೊಳ್ಳುತ್ತಿದ್ದ ಹದ, ಇಲ್ಲಿ ರಾತ್ರಿ ತಾನಾಗಿ ಬಂದು ಅಡುಗೆಮನೆಯಲ್ಲಿ ಕೂತಿತ್ತು.

ಓಟದ ವಿಷಯವೂ ಅಷ್ಟೇ. ಓಡುವಾಗ ಮೈ ಸುಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಬಿಸಿಯಾಗಿ ಹೊರಗೆ ಹೋಗುತ್ತದೆ. ಕಾಲಿಗೆ ಸಿಗುವುದು ಉಳಿದ ಕಾಲು ಭಾಗ. ಸೆಕೆಯಲ್ಲಿ ಆ ಬಿಸಿ ಹೊರಹಾಕಲು ರಕ್ತ ಚರ್ಮದ ಕಡೆಗೂ ಹರಿಯಬೇಕು, ಕಾಲಿಗೂ ಹರಿಯಬೇಕು. ಎದೆ ಡಬಡಬ ಹೊಡೆದುಕೊಳ್ಳುತ್ತದೆ. ಮ್ಯಾರಥಾನ್ ಓಡುವವರು 10, 12 ಡಿಗ್ರಿಯನ್ನು ವರ ಅಂದುಕೊಳ್ಳುತ್ತಾರೆ. ನಮ್ಮ 14 ಅದರ ಪಕ್ಕದ ಮನೆ. ಏಪ್ರಿಲ್‌ನಲ್ಲಿ ಎರಡು ಸುತ್ತಿಗೆ ಏದುಸಿರು ಬಿಡುವ ನಾನೇ ಜನವರಿಯಲ್ಲಿ ಮೂರು ಸುತ್ತು ಮುಗಿಸಿ ಇನ್ನೊಂದು ಹಾಕೋಣವಾ ಅಂತ ಯೋಚಿಸುತ್ತಿರುತ್ತೇನೆ.

ಮೊದಲ ಹತ್ತು ನಿಮಿಷ ಮಾತ್ರ ಅವಸರ ಮಾಡಬಾರದು. ರಾತ್ರಿಯೆಲ್ಲ ಮಲಗಿ ಬಿಗಿದ ಮೈ. ನಾನು ಗೇಟಿನಿಂದ ಬಿದಿರುಮೆಳೆಯವರೆಗೆ ಬರೀ ನಡೆಯುತ್ತೇನೆ. ಆಮೇಲೆ ಮಾತಾಡುತ್ತಾ ಓಡುವಷ್ಟು ನಿಧಾನ. ಉಬ್ಬಸ ಇರುವವರು ಮೂಗು ಬಾಯಿ ಮುಚ್ಚುವ ಹಾಗೆ ತೆಳು ಬಟ್ಟೆ ಕಟ್ಟಿಕೊಂಡರೆ ಒಳಗೆ ಹೋಗುವ ಗಾಳಿ ಸ್ವಲ್ಪ ಬೆಚ್ಚಗಾಗುತ್ತದೆ. ಎದೆನೋವು, ಬಿಪಿ ಇರುವವರು ಡಾಕ್ಟರನ್ನು ಕೇಳಿಯೇ ಚಳಿಯಲ್ಲಿ ಓಡಬೇಕು. ಇದನ್ನು ಒತ್ತಿ ಹೇಳುತ್ತಿದ್ದೇನೆ.

ಆ ಹೊತ್ತಿನ ಕೆರೆಯನ್ನು ಒಂದು ಸಲವಾದರೂ ನೋಡಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ. ರಾತ್ರಿ ಗಾಳಿ ತಣ್ಣಗಾದಷ್ಟು ಬೇಗ ನೀರು ತಣ್ಣಗಾಗುವುದಿಲ್ಲ. ಅದಕ್ಕೇ ಬೆಳಗಿನ ಜಾವ ನೀರಿನ ಮೇಲೆ ಹಬೆ ಏಳುತ್ತದೆ, ಸ್ನಾನದ ಹಂಡೆಯ ಮುಚ್ಚಳ ತೆಗೆದ ಹಾಗೆ. ಆ ಹಬೆಯೊಳಗೆ ಹೆಜ್ಜಾರ್ಲೆಗಳು ತೇಲುತ್ತಿರುತ್ತವೆ. ಮೊದಲು ಕೊಕ್ಕು ಕಾಣುತ್ತದೆ, ಆಮೇಲೆ ಹಕ್ಕಿ. ಬಿಸಿಲು ಏರುತ್ತಿದ್ದಂತೆ ಅಷ್ಟೂ ಕರಗಿಹೋಗುತ್ತದೆ. ತಡವಾಗಿ ಎದ್ದವರಿಗೆ ಇದು ಸಿಗುವುದಿಲ್ಲ.

ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಸಾವಿರ ಮೆಟ್ಟಿಲು, ದೊಡ್ಡ ದೇವರಾಜ ಒಡೆಯರ ಕಾಲದ್ದು. ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುವವರು ಇರುತ್ತಾರಲ್ಲ, ಅವರ ಮಧ್ಯೆ ಓಡಲು ನನಗೆ ಮನಸ್ಸು ಬರುವುದಿಲ್ಲ. ಜೋರಾಗಿ ಹತ್ತುತ್ತೇನೆ, ಅಷ್ಟೇ. ನಂದಿಯ ಹತ್ತಿರ ನಿಂತು ಕೆಳಗೆ ನೋಡಿದರೆ ಊರು ಮಂಜಿನೊಳಗೆ ಇರುತ್ತದೆ. ಮೊದಲು ಫಿಲೋಮಿನಾ ಚರ್ಚಿನ ಎರಡು ಗೋಪುರದ ತುದಿ. ಆಮೇಲೆ ಅರಮನೆ.

ಈಗ ರಾಗಿ ಬ್ರೆಡ್ಡಿನ ವಿಷಯಕ್ಕೆ ಬರುತ್ತೇನೆ. ಇದನ್ನು ಹದಕ್ಕೆ ತರಲು ನನಗೆ ಎರಡು ಮಾಗಿ ಹಿಡಿಯಿತು.

ರಾಗಿಯಲ್ಲಿ ಗೋಧಿಯ ಹಾಗೆ ಎಳೆ ಕಟ್ಟುವ ಗುಣ ಇಲ್ಲ. ಮೈದಾಕ್ಕೆ ಒಣ ರಾಗಿ ಹಿಟ್ಟು ಬೆರೆಸಿ ಮಾಡಿದಾಗ ಬ್ರೆಡ್ ಉದುರಿ ಉದುರಿ ಹೋಯಿತು. ನಾಲ್ಕೈದು ಸಲ ಹೀಗೇ ಆಯಿತು. ನೋಡುತ್ತಿದ್ದ ಅಮ್ಮ, “ರಾಗೀನ ಬೇಯಿಸ್ದೆ ಹಾಕಿದ್ರೆ ಅದು ಮಾತು ಕೇಳುತ್ತೇನೆ? ಮುದ್ದೆಗೆ ಮಾಡೋ ಹಾಗೆ ಮಾಡು” ಅಂದಳು.

ಮಾಡಿದೆ. 80 ಗ್ರಾಂ ರಾಗಿ ಹಿಟ್ಟಿಗೆ 200 ಮಿಲಿ ಕುದಿಯುವ ನೀರು. ಮುದ್ದೆ ಕೋಲಿನಿಂದಲೇ ಗಂಟಿಲ್ಲದ ಹಾಗೆ ತಿರುವಿದೆ. ಬಿಸಿ ನೀರಿಗೆ ರಾಗಿಯ ಪಿಷ್ಟ ಉಬ್ಬಿ ನೀರನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ, ಆಮೇಲೆ ಬಿಡುವುದಿಲ್ಲ. ಮುದ್ದೆ ಮೆತ್ತಗಿರುವುದೂ ಅದಕ್ಕೇ, ಅಲ್ವಾ? ಅದು ಬೆರಳಿಗೆ ಬಿಸಿ ತಾಗದಷ್ಟು ಆರಬೇಕು. ಬಿಸಿಯಿದ್ದಾಗಲೇ ಈಸ್ಟ್ ಹಾಕಿದರೆ ಸತ್ತುಹೋಗುತ್ತದೆ. ಆರಿದ ಮೇಲೆ 300 ಗ್ರಾಂ ಮೈದಾ, 100 ಗ್ರಾಂ ಗೋಧಿ ಹಿಟ್ಟು, 160 ಮಿಲಿ ನೀರು, 10 ಗ್ರಾಂ ಉಪ್ಪು, ಕಾಲು ಟೀ ಚಮಚ ಈಸ್ಟ್. ಒಂದು ಅಚ್ಚು ಮಂಡ್ಯದ ಬೆಲ್ಲದಿಂದ ಅಡಿಕೆಯಷ್ಟು ತುಂಡು, ಪುಡಿ ಮಾಡಿ. ಹಿಟ್ಟು ಕೈಗೆ ಅಂಟುತ್ತದೆ. ಅಂಟಲಿ, ಇನ್ನಷ್ಟು ಹಿಟ್ಟು ಹಾಕಬೇಡಿ. ಅರ್ಧ ಗಂಟೆಗೊಮ್ಮೆ ಒದ್ದೆ ಕೈಯಲ್ಲಿ ಅಂಚಿನಿಂದ ಎಳೆದು ನಡುವಿಗೆ ಮಡಿಸಿ. ಹೀಗೆ ಮೂರು ಸಲ. ಮೂರನೇ ಸಲಕ್ಕೆ ಹಿಟ್ಟಿನ ನಡತೆಯೇ ಬದಲಾಗಿರುತ್ತದೆ. ಎಳೆದರೆ ಹರಿಯದೆ ಬರುತ್ತದೆ.

ರಾತ್ರಿ ಕಲಸಿದ್ದು ಬೆಳಿಗ್ಗೆಗೆ ಉಬ್ಬಿರುತ್ತದೆ. ಆಗ ಆಕಾರ ಕೊಟ್ಟು ಇನ್ನೊಂದೂವರೆ ಗಂಟೆ ಬಿಡುತ್ತೇನೆ. ಬಿಡುವಿಲ್ಲದ ದಿನ ಆಕಾರ ಕೊಟ್ಟ ಮೇಲೆ ಸಂಜೆಯವರೆಗೆ ಫ್ರಿಜ್ಜಿನಲ್ಲಿ ಇಡುತ್ತೇನೆ. ಆ ಹೊತ್ತಿಗೆ ಅದಕ್ಕೆ ರುಚಿ ಬಂದಾಗಿರುವುದರಿಂದ ಫ್ರಿಜ್ಜಿಗೆ ನನ್ನ ತಕರಾರಿಲ್ಲ. ಓಟಿಜಿ ಓವನ್ನಿನೊಳಗೆ ಮುಚ್ಚಳದ ದಪ್ಪ ಪಾತ್ರೆಯನ್ನು ಮೊದಲೇ ಕಾಯಿಸಿ, ಅದರೊಳಗೆ ಹಿಟ್ಟನ್ನು ಇಳಿಸುವುದು. ಮುಚ್ಚಳ ಹಾಕಿ 220 ಡಿಗ್ರಿಯಲ್ಲಿ 20 ನಿಮಿಷ. ಹಿಟ್ಟಿನ ನೀರೇ ಹಬೆಯಾಗಿ ಒಳಗೆ ನಿಂತು ಬ್ರೆಡ್ ಅರಳಲು ಬಿಡುತ್ತದೆ. ಆಮೇಲೆ ಮುಚ್ಚಳ ತೆಗೆದು 190ರಲ್ಲಿ ಇನ್ನು 20 ನಿಮಿಷ. ತಲೆಕೆಳಗು ಮಾಡಿ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಒಂದು ಗಂಟೆ ಕತ್ತರಿಸಬೇಡಿ. ಈ ಒಂದು ಗಂಟೆ ಎಲ್ಲಕ್ಕಿಂತ ಕಷ್ಟ, ಮನೆ ತುಂಬಾ ಆ ವಾಸನೆ ಇರುತ್ತದೆ.

ಅಮ್ಮನಿಗೆ ಮಾಗಿ ಬಂದರೆ ಬೇರೆಯೇ ಚಿಂತೆ. ದೋಸೆ ಹಿಟ್ಟು ಉಬ್ಬುವುದಿಲ್ಲ. ನನ್ನ ಬ್ರೆಡ್ಡಿಗೆ ಒಗ್ಗುವ 20 ಡಿಗ್ರಿ ಅವಳ ಉದ್ದಿನ ಹಿಟ್ಟಿಗೆ ಸಾಲದು, ಅದಕ್ಕೆ 30ರ ಆಸುಪಾಸು ಬೇಕು. ಮೊದಲೆಲ್ಲ ಪಾತ್ರೆಗೆ ಹಳೇ ಕಂಬಳಿ ಸುತ್ತಿಡುತ್ತಿದ್ದಳು. ಈಗ ಸಂಜೆ ನಾನು ಬ್ರೆಡ್ ಹೊರಗೆ ತೆಗೆದ ಮೇಲೆ ಓವನ್ ಪಕ್ಕ ಮಣೆ ಹಾಕಿಕೊಂಡು ಕೂರುತ್ತಾಳೆ. ತೊಡೆಯ ಮೇಲೆ ಮೊರ, ಮೊರದ ತುಂಬಾ ನೆನೆಸಿದ ಅವರೆಕಾಳು. ಹೆಬ್ಬೆರಳು ತೋರುಬೆರಳಿನ ನಡುವೆ ಒಂದೊಂದೇ ಕಾಳು ಹಿದುಕುತ್ತಾಳೆ. ಬೇಳೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಸೊಗಡಿನ ವಾಸನೆಯೂ ಬ್ರೆಡ್ಡಿನ ವಾಸನೆಯೂ ಒಟ್ಟಿಗೆ. ನಡುನಡುವೆ ಓವನ್ ಬಾಗಿಲು ತೆಗೆದು ಒಳಗೆ ಕೈ ಇಟ್ಟು ನೋಡುತ್ತಾಳೆ.

“ಆಯ್ತಾ ಅಮ್ಮಾ?”

“ಇನ್ನೂ ಬಿಸಿ ಜಾಸ್ತಿ ಕಣೇ. ಸ್ವಲ್ಪ ತಡಿ.”

ಮುಕ್ಕಾಲು ಗಂಟೆಯ ಮೇಲೆ ಅವಳ ಕೈಗೆ ಸರಿ ಅನಿಸುತ್ತದೆ. ಥರ್ಮಾಮೀಟರ್ ನನ್ನ ಹತ್ತಿರ ಇದೆ, ಅವಳು ಅದನ್ನು ಕೇಳುವುದಿಲ್ಲ. ದೋಸೆ ಹಿಟ್ಟಿನ ಪಾತ್ರೆಗೆ ಟವೆಲ್ ಸುತ್ತಿ ಒಳಗೆ ಇಟ್ಟು ಬಾಗಿಲು ಹಾಕುತ್ತಾಳೆ. ಆಮೇಲೆ ನಾನು ಕಟ್ಟೆಯ ಇನ್ನೊಂದು ತುದಿಯಲ್ಲಿ, ಕಿಟಕಿ ಹತ್ತಿರ, ಮಾರನೆ ದಿನದ ರಾಗಿ ತಿರುವಲು ಶುರು ಮಾಡುತ್ತೇನೆ.

ಹೋದ ವಾರ ಒಂದು ಬ್ರೆಡ್ಡಿನಿಂದ ನಾಲ್ಕು ದಪ್ಪ ತುಂಡು ಕತ್ತರಿಸಿ, ಬೆಣ್ಣೆ ಸವರಿ, ಬಾಳೆ ಎಲೆಯಲ್ಲಿ ಕಟ್ಟಿಕೊಂಡು ಕೆರೆಗೆ ಹೋದೆ. ಮಂಕಿ ಕ್ಯಾಪಿನ ಹಿರಿಯರು ಕಲ್ಲುಬೆಂಚಿನ ಮೇಲೆ ಕೂತಿದ್ದರು. ಪೊಟ್ಟಣ ಕೊಟ್ಟೆ. ಬಿಚ್ಚಿ, ಮೂಗಿನ ಹತ್ತಿರ ಹಿಡಿದರು.

“ಇದೇನಮ್ಮಾ, ರಾಗಿ ಅಲ್ವಾ?”

“ಹೌದು ಸಾರ್. ಮನೇಲೇ ಮಾಡಿದ್ದು.”

ಒಂದು ತುಂಡನ್ನು ನಿಧಾನವಾಗಿ, ನೀರು ನೋಡುತ್ತಾ ತಿಂದರು. ಉಳಿದ ಮೂರನ್ನು ಮತ್ತೆ ಎಲೆಯಲ್ಲಿ ಸುತ್ತಿ, ಶಾಲಿನೊಳಗೆ ಎದೆಯ ಹತ್ತಿರ ಇಟ್ಟುಕೊಂಡರು.

“ಇದು ನಮ್ಮನೆಯವಳಿಗೆ. ನೀನು ಹೊರಡಮ್ಮಾ, ಬೆವರು ಆರಿಬಿಡುತ್ತೆ.”

ಇನ್ನೂ ಒಂದು ಸುತ್ತು ಬಾಕಿಯಿತ್ತು. ಓಡಿದೆ.